ಗಂಟೆಗೆ ಮಾತು ಕೊಡಬೇಡಿ, ಜಾಗಕ್ಕೆ ಕೊಡಿ

ಪತ್ರದ ಸಾರ: ಎರಡು ತಿಂಗಳ ಚಾರಣಕ್ಕೆ ಸಿದ್ಧವಾಗುತ್ತಿರುವ ಓದುಗರೊಬ್ಬರು ಕೇಳಿದ್ದಾರೆ: ‘ದಿನಾ ರಾತ್ರಿ ಎಂಟಕ್ಕೆ ಫೋನ್ ಮಾಡಬೇಕೆಂಬುದು ಮನೆಯವರ ಷರತ್ತು. ಹೋದ ಸಲ ಸಂಜೆಗಳೆಲ್ಲ ನೆಟ್‌ವರ್ಕ್ ಹುಡುಕುವುದರಲ್ಲೇ ಕಳೆದವು, ವಿಶ್ರಾಂತಿಯ ದಿನವೂ ಫೋನಿನಲ್ಲೇ ಮುಗಿಯಿತು. ದಣಿವೂ ಆರಬೇಕು, ಮನೆಯವರಿಗೂ ಸಮಾಧಾನವಾಗಬೇಕು. ಹೇಗೆ?’

ಉತ್ತರ:

ಆ ಎಂಟು ಗಂಟೆಯ ಷರತ್ತನ್ನು ಹೊರಡುವ ಮುಂಚೆಯೇ ಬದಲಿಸಿಕೊಳ್ಳಿ. ಟೆಂಟ್ ಹಾಕುವುದು ನೀರು ಹತ್ತಿರವಿರುವ, ಗಾಳಿ ತಾಗದ ತಗ್ಗಿನಲ್ಲಿ. ನೆಟ್‌ವರ್ಕ್ ಸಿಗುವುದು ಹೆಚ್ಚಾಗಿ ಗುಡ್ಡದ ನೆತ್ತಿಯಲ್ಲಿ. ರಾತ್ರಿ ಕರೆಗೆ ಒಪ್ಪಿಕೊಂಡವರು ಒಂದೋ ಅಡುಗೆ ಬಿಟ್ಟು ಮತ್ತೆ ಗುಡ್ಡ ಹತ್ತುತ್ತಾರೆ, ಇಲ್ಲವೇ ಸಿಗ್ನಲ್ ಸಿಕ್ಕೀತೆಂದು ಇನ್ನೊಂದು ತಾಸು ನಡೆದು ಕತ್ತಲಲ್ಲಿ ಕಾಲು ಉಳುಕಿಸಿಕೊಳ್ಳುತ್ತಾರೆ. ಬದಲಿಗೆ ಹೀಗೆ ಹೇಳಿ: ‘ಈ ಕಣಿವೆ ದಾಟಿ ಆ ನೆತ್ತಿ ಮುಟ್ಟಿದಾಗ ಮೆಸೇಜ್ ಕಳಿಸುತ್ತೇನೆ. ಅಂದಾಜು ಗುರುವಾರ, ತೀರಾ ತಡವೆಂದರೆ ಶುಕ್ರವಾರ ಸಂಜೆ.’

ಮೆಸೇಜನ್ನು ಹಿಂದಿನ ರಾತ್ರಿಯೇ ಟೈಪ್ ಮಾಡಿಡಿ. ಎಲ್ಲಿದ್ದೀರಿ, ಮೈ ಹೇಗಿದೆ, ಮುಂದೆ ಯಾವ ದಾರಿ, ಮುಂದಿನ ಮೆಸೇಜ್ ಎಲ್ಲಿಂದ: ಇಷ್ಟು ಸಾಕು. ಕರೆ ನಿಲ್ಲದಷ್ಟು ಕ್ಷೀಣ ಸಿಗ್ನಲ್ಲಿನಲ್ಲೂ ಎಸ್ಸೆಮ್ಮೆಸ್ ಎಷ್ಟೋ ಸಲ ಹೋಗಿಬಿಡುತ್ತದೆ. ಹೋದದ್ದು ಖಚಿತವಾದ ಕೂಡಲೇ ಮತ್ತೆ ಏರೋಪ್ಲೇನ್ ಮೋಡ್. ನೆತ್ತಿಯ ಮೇಲೆ ಕೂತು ಹರಟಬೇಡಿ. ಬೆವರಿದ ಮೈಗೆ ಗಾಳಿ ಬಡಿದರೆ ಸ್ವಲ್ಪ ಹೊತ್ತಿಗೇ ನಡುಕ ಹಿಡಿಯುತ್ತದೆ. ವಿರಾಮ ಕೆಳಗಿಳಿದ ಮೇಲೆ.

ಮನೆಯ ಕಡೆ ಒಬ್ಬರೇ ಸಂಪರ್ಕದ ವ್ಯಕ್ತಿಯಾಗಿರಲಿ, ಉಳಿದವರಿಗೆ ಅವರು ತಿಳಿಸಲಿ. ಎಲ್ಲರಿಗಿಂತ ಬೇಗ ಗಾಬರಿಯಾಗುವವರನ್ನು ಮಾತ್ರ ಆರಿಸಬೇಡಿ. ಅವರ ಕೈಗೆ ಒಂದು ಹಾಳೆ ಕೊಡಿ: ದಾರಿ, ಅರ್ಧಕ್ಕೆ ಇಳಿಯಬಹುದಾದ ಅಡ್ಡದಾರಿಗಳು, ಟೆಂಟ್ ಮತ್ತು ಜಾಕೆಟ್ಟಿನ ಬಣ್ಣ, ನೀವು ತೆಗೆದುಕೊಳ್ಳುವ ಔಷಧಿ, ಅಲ್ಲಿನ ರಕ್ಷಣಾ ತಂಡದ ಸಂಖ್ಯೆ. ‘ತೀರಾ ತಡ’ದ ಗಡುವು ದಾಟುವ ತನಕ ಏನೂ ಮಾಡಬಾರದು, ದಾಟಿದ ಮೇಲೆ ಕಾಯಬಾರದು ಎಂದು ಅದರಲ್ಲೇ ಬರೆಯಿರಿ. ಹೊಳೆ ದಾಟುವ ದಾರಿಯಿದ್ದರೆ ಗಡುವಿಗೆ ಒಂದು ದಿನ ಸೇರಿಸಿ, ನೀರು ಇಳಿಯುವುದನ್ನು ಕಾಯಬೇಕಾದೀತು. ಗಡುವು ತೀರಾ ಬಿಗಿಯಾದರೆ ಸುಳ್ಳು ಹುಡುಕಾಟ, ತೀರಾ ಸಡಿಲವಾದರೆ ಕಾಲು ಮುರಿದು ಬಿದ್ದವರಿಗೆ ಆಪತ್ತು.

ಈಗ ವಿಶ್ರಾಂತಿ. ಸ್ನಾಯುಗಳಿಗಿಂತ ಅವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜುಗಳು ನಿಧಾನವಾಗಿ ಗಟ್ಟಿಯಾಗುತ್ತವೆ. ಮೂರನೇ ವಾರದ ಹೊತ್ತಿಗೆ ಹುಮ್ಮಸ್ಸಿನಲ್ಲಿ ದೂರ ಹೆಚ್ಚಿಸಿದವರಿಗೆ ಹಿಮ್ಮಡಿ, ಮೊಣಕಾಲು ಕೈಕೊಡುವುದು ಅದಕ್ಕೇ. ಹಾಗಾಗಿ ಊರು ಸಿಕ್ಕಾಗ ಎರಡು ರಾತ್ರಿ ತಂಗಿ. ಮೊದಲ ದಿನ ಮಧ್ಯಾಹ್ನದೊಳಗೆ ತಲುಪಿ. ಚೀಲ ಇಳಿಸಿದ ಕೂಡಲೇ ಪವರ್ ಬ್ಯಾಂಕ್ ಚಾರ್ಜಿಗೆ ಹಾಕಿ, ಸಾಧಾರಣ ಚಾರ್ಜರಿನಲ್ಲಿ 10,000 ಎಂಎಎಚ್‌ನದು ತುಂಬಲು ಐದಾರು ತಾಸು ಬೇಕು. ಬಟ್ಟೆ, ಸಾಮಾನು, ಕರೆಗಳು, ಎಲ್ಲ ಅಂದೇ ಮುಗಿಯಲಿ. ದೀರ್ಘ ಕರೆಗಳನ್ನು ಹಗಲಲ್ಲೇ ಮಾಡಿ. ಮನೆಯ ತಾಪತ್ರಯ ಮಲಗುವ ಮುಂಚೆ ಕೇಳಿದರೆ ಪರಿಹಾರವೂ ಇಲ್ಲ, ನಿದ್ದೆಯೂ ಇಲ್ಲ. ಮರುದಿನ ಊರು ಸುತ್ತುವುದೂ ಬೇಡ. ಅಂಗಡಿ ಹುಡುಕಿ ಎಂಟು ಕಿಲೋಮೀಟರ್ ತಿರುಗಿ ಅದನ್ನು ವಿಶ್ರಾಂತಿ ಎನ್ನುವವರು ಬೇಕಾದಷ್ಟಿದ್ದಾರೆ!

ದಾರಿಯಲ್ಲಿ ಬ್ಯಾಟರಿಯನ್ನು ತಿನ್ನುವುದು ಮುಖ್ಯವಾಗಿ ಸಿಗ್ನಲ್ಲಿನ ಹುಡುಕಾಟ ಮತ್ತು ಪರದೆಯ ಬೆಳಕು. ಏರೋಪ್ಲೇನ್ ಮೋಡಿನಲ್ಲೂ ಜಿಪಿಎಸ್ ನಡೆಯುತ್ತದೆ, ನಕ್ಷೆ ಮೊದಲೇ ಇಳಿಸಿಕೊಂಡಿರಬೇಕಷ್ಟೆ. 10,000 ಎಂಎಎಚ್ ಎಂದು ಬರೆದಿದ್ದರೂ ವೋಲ್ಟೇಜ್ ಬದಲಾವಣೆಯಲ್ಲಿ ಮತ್ತು ಬಿಸಿಯಾಗಿ ಒಂದಷ್ಟು ಕಳೆದುಹೋಗುತ್ತದೆ. 4,500 ಎಂಎಎಚ್ ಫೋನನ್ನು ಸುಮಾರು ಒಂದೂವರೆ ಸಲ ತುಂಬೀತು. ಚಳಿಯಲ್ಲಿ 30 ಪ್ರತಿಶತ ಇದ್ದ ಫೋನೂ ಏಕಾಏಕಿ ಆರಿಹೋಗುತ್ತದೆ. ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಬ್ಯಾಟರಿ ಶಾಶ್ವತವಾಗಿ ಕೆಡುತ್ತದೆ, ಮೊದಲು ಮೈಶಾಖದಲ್ಲಿ ಬೆಚ್ಚಗಾಗಿಸಿ.

ನೆಟ್‌ವರ್ಕೇ ಇಲ್ಲದ ದಾರಿಯಾದರೆ ಉಪಗ್ರಹ ಮೆಸೆಂಜರ್, ಅಂದರೆ ಉಪಗ್ರಹದ ಮೂಲಕ ಮೆಸೇಜನ್ನೂ ನೀವಿರುವ ಜಾಗವನ್ನೂ ಮನೆಗೆ ಕಳಿಸುವ ಸಾಧನ, ಉಪಯೋಗಕ್ಕೆ ಬರುತ್ತದೆ. ಅದಕ್ಕೆ ತೆರೆದ ಆಕಾಶ ಬೇಕು. ದಟ್ಟ ಮರಗಳಡಿ, ಇಕ್ಕಟ್ಟಾದ ಕೊರಕಲಿನಲ್ಲಿ ಮೆಸೇಜ್ ತಡವಾಗುತ್ತದೆ ಅಥವಾ ಹೋಗುವುದೇ ಇಲ್ಲ. ‘ನಕ್ಷೆಯಲ್ಲಿ ಚುಕ್ಕೆ ನಿಂತರೆ ನಾನು ಬಿದ್ದೆನೆಂದಲ್ಲ, ಮರದಡಿ ಇದ್ದೇನೆ ಅಥವಾ ಬ್ಯಾಟರಿ ಮುಗಿದಿದೆ’ ಎಂದು ಮನೆಯವರಿಗೆ ಮೊದಲೇ ಹೇಳಿಡಿ. ಕೆಲವು ದೇಶಗಳಲ್ಲಿ ಅನುಮತಿಯಿಲ್ಲದೆ ಇಂಥ ಸಾಧನ ಇಟ್ಟುಕೊಳ್ಳುವುದೇ ಅಪರಾಧ. ಕೊಳ್ಳುವ ಮುನ್ನ ನೀವು ನಡೆಯಲಿರುವ ದೇಶದ ನಿಯಮ ನೋಡಿ.

— ಸಂ.