ಕ್ಯೂ ಫೀವರ್‌: ಎರಡು ಲ್ಯಾಬು, ಎರಡು ರಿಪೋರ್ಟು, ಯಾವುದನ್ನು ನಂಬಬೇಕು?

ಅಥಣಿ ಕಡೆ ಮೇಕೆ ಸಾಕುವ ನಿಮ್ಮ ಭಾವನಿಗೆ ಜ್ವರ ಬಿಡದೆ ಪುಣೆಗೆ ಕರೆತಂದಿದ್ದೀರಿ. ಅನುಮಾನ ಕ್ಯೂ ಫೀವರ್ ಮೇಲೆ, ಅಂದರೆ ಮೇಕೆ, ಕುರಿ, ದನಗಳಿಂದ, ಹೆಚ್ಚಾಗಿ ಅವು ಈಯುವಾಗ, ಹರಡುವ ಬ್ಯಾಕ್ಟೀರಿಯಾ ಜ್ವರ. ಜ್ವರದ ನಾಲ್ಕನೇ ದಿನ ಎಲೈಸಾ, ಅಂದರೆ ರಕ್ತದಲ್ಲಿ ಪ್ರತಿಕಾಯ (ರೋಗಾಣುವಿನ ವಿರುದ್ಧ ದೇಹ ತಯಾರಿಸುವ ಅಸ್ತ್ರ) ಹುಡುಕುವ ಪರೀಕ್ಷೆ; ಅದರಲ್ಲಿ ಸಾಮಾನ್ಯವಾಗಿ ಮೊದಲು ಬರುವ ಪ್ರತಿಕಾಯ ಐಜಿಎಂ ನೆಗೆಟಿವ್. ಹದಿನಾರನೇ ದಿನ ಬೇರೆ ಲ್ಯಾಬಿನ, ಸೂಕ್ಷ್ಮದರ್ಶಕದಲ್ಲಿ ಕಣ್ಣಿಂದ ಓದುವ ಐಎಫ್‌ಎಯಲ್ಲಿ ‘ಫೇಸ್ 2 ಐಜಿಜಿ 1:128’; ಐಜಿಜಿ ಅಂದರೆ ಬಹುಕಾಲ ಉಳಿಯುವ ಪ್ರತಿಕಾಯ. ಯಾರು ಸುಳ್ಳು ಹೇಳ್ತಿದ್ದಾರೆ ಅಂತ ಕೇಳಿದ್ದೀರಿ.

ಇಬ್ಬರೂ ಹೇಳ್ತಿಲ್ಲ. ನಾನು ಡಾಕ್ಟರಲ್ಲ, ಇದೇ ಪುಣೆಯಲ್ಲಿ ಹನ್ನೊಂದು ವರ್ಷ ಸೀರಾಲಜಿ (ಪ್ರತಿಕಾಯ ಪರೀಕ್ಷೆಯ) ಬೆಂಚಿನಲ್ಲಿ ಕೂತವನು. ಈ ರೋಗದಲ್ಲಿ ಪ್ರತಿಕಾಯ ಕಾಣಿಸಿಕೊಳ್ಳೋಕೆ ಒಂದೆರಡು ವಾರ ಬೇಕು. ನಾಲ್ಕನೇ ದಿನದ ರಕ್ತದಲ್ಲಿ ಇಲ್ಲದ್ದನ್ನು ಎಲೈಸಾ ಎಲ್ಲಿಂದ ತಂದು ತೋರಿಸೀತು? ಆ ದಿನ, ಔಷಧಿ ಶುರುವಾಗುವ ಮುಂಚೆ, ರೋಗಾಣುವನ್ನೇ ಹುಡುಕುವ ಪಿಸಿಆರ್ ಮಾಡಿಸಿದ್ದರೆ ಸುಳಿವು ಸಿಗಬಹುದಿತ್ತು.

ಎಲೈಸಾ ಓದುವುದು ಯಂತ್ರ. ಒಂದು ಪ್ಲೇಟಿನಲ್ಲಿ ಹತ್ತಾರು ಸ್ಯಾಂಪಲ್ ಮುಗಿಯುತ್ತವೆ, ಜರಡಿ ಹಿಡಿಯಲು ಒಳ್ಳೆಯದು. ಕಾಂಪ್ಲಿಮೆಂಟ್ ಫಿಕ್ಸೇಶನ್ ಅನ್ನೋ ಹಳೇ ಪರೀಕ್ಷೆ ನಿಧಾನ, ಸೂಕ್ಷ್ಮತೆಯೂ ಕಡಿಮೆ, ಬಿಡಿ. ಇಂದಿಗೂ ಮಾನದಂಡ ಐಎಫ್‌ಎ. ಕತ್ತಲೆ ಕೋಣೆ, ಸ್ಲೈಡಿನ ಮೇಲೆ ಪುಟ್ಟ ವೃತ್ತಗಳು, ಪ್ರತಿ ವೃತ್ತಕ್ಕೂ ಸೀರಮ್ (ರಕ್ತದ ತಿಳಿ) ಇಮ್ಮಡಿ ತೆಳುವಾಗುತ್ತ ಹೋಗುತ್ತದೆ: 1:16, 1:32, 1:64. ಹಸಿರು ಚುಕ್ಕೆಗಳು ಎಲ್ಲಿಯವರೆಗೆ ಮಿನುಗುತ್ತವೋ ಅದೇ ಟೈಟರ್. ಕೊನೆಯ ವೃತ್ತಕ್ಕೆ ಬಂದಾಗ ಪಕ್ಕದ ಮರಾಠಿ ಸಹೋದ್ಯೋಗಿ ‘ಆಹೇ’ (ಇದೆ) ಅಂದರೆ ನಾನು ‘ಇಲ್ಲ’ ಅಂದದ್ದು ಎಷ್ಟೋ ಸಲ. ಅದಕ್ಕೇ ಒಂದು ಮೆಟ್ಟಿಲಿನ ವ್ಯತ್ಯಾಸಕ್ಕೆ ಬೆಲೆಯಿಲ್ಲ. 128 ಇದ್ದದ್ದು 256 ಆದರೆ ಏನೂ ಹೇಳಲಾಗದು. 512 ಆದರೆ, ಅಂದರೆ ನಾಲ್ಕು ಪಟ್ಟು ಏರಿದರೆ, ಖಚಿತ.

ಈಗ ನಿಮ್ಮ 1:128. ಲಕ್ಷಣಗಳ ಜೊತೆ ನೋಡಿದರೆ ಅನುಮಾನಕ್ಕೆ ಬಲ ಕೊಡುತ್ತದೆ, ಅಷ್ಟೇ. ಮೇಕೆ ಸಾಕುವವರ ರಕ್ತದಲ್ಲಿ ಎಂದೋ ಬಂದುಹೋದ ಸೋಂಕಿನ ಐಜಿಜಿ ಉಳಿದಿರಬಹುದು. ಐಜಿಎಂ ಕೂಡ ತಿಂಗಳುಗಟ್ಟಲೆ ಉಳಿಯುತ್ತದೆ. ಮೂರರಿಂದ ಆರು ವಾರ ಬಿಟ್ಟು ಎರಡನೇ ಸ್ಯಾಂಪಲ್ ಕೊಟ್ಟು, ಹಳೆಯದನ್ನೂ ಹೊಸದನ್ನೂ ಒಂದೇ ಲ್ಯಾಬಿನಲ್ಲಿ, ಒಂದೇ ದಿನ, ಅಕ್ಕಪಕ್ಕ ಇಟ್ಟು ಐಎಫ್‌ಎ ಮಾಡಿಸಿ. ಯಾವ ಟೆಸ್ಟು ಮೇಲು ಅನ್ನೋ ಚರ್ಚೆಗಿಂತ ಇದು ದೊಡ್ಡದು. ಇವತ್ತೇ ಎರಡನೇ ಲ್ಯಾಬಿಗೆ ಫೋನ್ ಮಾಡಿ, ಉಳಿದ ಸೀರಮ್ ಫ್ರೀಜರ್‌ನಲ್ಲಿಡಲು ಹೇಳಿ. ಒಮ್ಮೆ ನಾವೇ ವಾರ ಕಳೆಯಿತೆಂದು ಒಬ್ಬರ ಮೊದಲ ಸ್ಯಾಂಪಲ್ ಎಸೆದುಬಿಟ್ಟಿದ್ದೆವು. ಅವರು ತಿಂಗಳ ಮೇಲೆ ಎರಡನೆಯದು ಹಿಡಿದು ಬಂದಾಗ ಹೋಲಿಸಲು ಏನೂ ಉಳಿದಿರಲಿಲ್ಲ.

ಫೇಸ್ 1, ಫೇಸ್ 2 ಕೇಳಿದ್ದಿರಲ್ಲ. ಅವು ರೋಗಾಣುವಿನ ಎರಡು ರೂಪಗಳು, ಒಂದೊಂದಕ್ಕೂ ಬೇರೆ ಪ್ರತಿಕಾಯ. ಹೊಸ ಸೋಂಕಿನಲ್ಲಿ ಫೇಸ್ 2 ಮೊದಲು ಏರುತ್ತದೆ. ಹೃದಯದ ಕವಾಟದಂಥ ಜಾಗದಲ್ಲಿ ರೋಗಾಣು ಬೀಡುಬಿಟ್ಟರೆ ಫೇಸ್ 1 ಅದನ್ನೂ ಮೀರುತ್ತದೆ. ಫೇಸ್ 1 ಐಜಿಜಿ 1:1024 ದಾಟಿದರೆ ಡಾಕ್ಟರು ಹೃದಯದ ಎಕೋ ಸ್ಕ್ಯಾನ್ ಬರೆಯುತ್ತಾರೆ. ನಂಬರು ಉಲ್ಟಾ ಅನ್ನಿಸುತ್ತದೆ, ಮೊದಲ ವರ್ಷ ನನಗೂ ತಲೆ ಕೆಟ್ಟಿತ್ತು. ಭಾವನಿಗೆ ಕವಾಟದ ತೊಂದರೆ ಮೊದಲೇ ಇದ್ದರೆ ಈಗಲೇ ತಿಳಿಸಿ.

ಟೈಫಸ್ ಗುಂಪಿನ ಜ್ವರ ಹುಡುಕುವ ಹಳೇ ಟೆಸ್ಟು ವೈಲ್-ಫೆಲಿಕ್ಸ್ ನೆಗೆಟಿವ್ ಬಂತೆಂದು ನಿರಾಳವಾಗಬೇಡಿ, ಅದು ಕ್ಯೂ ಫೀವರ್ ಹಿಡಿಯುವುದೇ ಇಲ್ಲ. ಎರಡನೇ ರಿಪೋರ್ಟಿಗಾಗಿ ಚಿಕಿತ್ಸೆ ನಿಲ್ಲಿಸುವುದೂ ಬೇಡ. ಡಾಕ್ಟರಿಗೆ ಅನುಮಾನವಿದ್ದರೆ ಆ್ಯಂಟಿಬಯಾಟಿಕ್ ಡಾಕ್ಸಿಸೈಕ್ಲಿನ್ ಮೊದಲು, ಟೈಟರ್ ಆಮೇಲೆ.

ಕೊಟ್ಟಿಗೆಯಲ್ಲಿ ಇತ್ತೀಚೆಗೆ ಮೇಕೆ ಕಂದು ಹಾಕಿತ್ತಾ, ಮಾಸನ್ನು ಭಾವ ಬರಿಗೈಯಲ್ಲಿ ಎತ್ತಿದ್ದರಾ, ಕೇಳಿ ನೋಡಿ. ಮನೆಯಲ್ಲಿ ಬಸುರಿಯರಿದ್ದರೆ ಮೇಕೆ ಈಯುವ ಜಾಗಕ್ಕೆ ಹೋಗದಿರಲಿ.