ವರ್ಣಭೇದಕ್ಕೆ ಚಿತ್ರಕಲಾವಿದರು ಹೇಗೆ ಉತ್ತರ ಕೊಡುತ್ತಾರೆ?

ನಡೆದ ಅನ್ಯಾಯವನ್ನು ಚಿತ್ರಿಸಿ ದಾಖಲಿಸುವವರು ಹಲವರು. ಇನ್ನು ಕೆಲವರು ಅವಮಾನಿಸಲೆಂದು ಹುಟ್ಟಿಸಿದ ಚಿತ್ರವನ್ನೇ ಕೈಗೆತ್ತಿಕೊಂಡು ಅದರ ಅರ್ಥ ತಿರುಗಿಸಿಬಿಡುತ್ತಾರೆ. ಅಮೆರಿಕದ ಕಪ್ಪು ಕಲಾವಿದೆ ಬೆಟಿ ಸಾರ್ 1972ರಲ್ಲಿ ಮಾಡಿದ್ದು ಇದನ್ನೇ.

ಆಂಟ್ ಜೆಮೈಮಾ ಅಂದರೆ ಪ್ಯಾನ್‌ಕೇಕ್ ಹಿಟ್ಟಿನ ಪೊಟ್ಟಣದ ಮೇಲೆ ನಗುತ್ತಿದ್ದ ಕಪ್ಪು ಅಡುಗೆಯವಳು. ಬಿಳಿಯರ ಮನೆಯಲ್ಲಿ ಖುಷಿಯಿಂದ ದುಡಿಯುತ್ತಾಳೆ ಎಂಬ ಸುಳ್ಳಿನ ಮುಖ ಅದು. ಸಾರ್ ಅಂಥದ್ದೇ ಒಂದು ಹಳೆಯ ಬೊಂಬೆಯನ್ನು ಪುಟ್ಟ ಪೆಟ್ಟಿಗೆಯೊಳಗೆ ನಿಲ್ಲಿಸಿದರು. ಒಂದು ಕೈಯಲ್ಲಿ ಪೊರಕೆ ಹಾಗೇ ಇದೆ, ಇನ್ನೊಂದರಲ್ಲಿ ಬಂದೂಕು. ಹಿಂದೆ ಸಾಲುಸಾಲಾಗಿ ಅದೇ ನಗುಮುಖದ ಲೇಬಲ್‌ಗಳು, ಮುಂದೆ ಬಿಗಿಹಿಡಿದ ಕಪ್ಪು ಮುಷ್ಟಿ. ಇಷ್ಟೆಲ್ಲ ಇರುವುದು ಸುಮಾರು ಒಂದಡಿ ಎತ್ತರದಲ್ಲಿ! ನನ್ನನ್ನು ಹೆಚ್ಚು ತಟ್ಟುವುದು ಆ ಪೊರಕೆಯೇ. ಅವಳ ದುಡಿಮೆಯನ್ನು ಸಾರ್ ಮರೆಮಾಚಲಿಲ್ಲ.

ಆ ಹೆಸರು, ಚಿತ್ರ ಎರಡನ್ನೂ ಕೈಬಿಡುವುದಾಗಿ ಕಂಪನಿ ಹೇಳಿದ್ದು 2020ರಲ್ಲಿ, ಪೊಲೀಸರ ಕೈಯಲ್ಲಿ ನಡೆದ ಕಪ್ಪು ವ್ಯಕ್ತಿ ಜಾರ್ಜ್ ಫ್ಲಾಯ್ಡ್ ಹತ್ಯೆಯ ವಿರುದ್ಧ ಜನ ಬೀದಿಗಿಳಿದ ಮೇಲೆ.