ಫಸ್ಟ್ ಪಿಯು ಫಂಕ್ಷನ್ಸ್ ಪಾಠವನ್ನು ವಿಡಿಯೋ ನೋಡಿಯೇ ಕಲಿಯಬಹುದಾ, ಟ್ಯೂಷನ್ ಬೇಕೇ ಬೇಕಾ?

ಖಂಡಿತ ಕಲಿಯಬಹುದು. ನಾನು ರಾಜಾಜಿನಗರದಲ್ಲಿ ಸಂಜೆ ಹೊತ್ತು ಪಿಯು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಆದರೂ ಹೇಳುತ್ತೇನೆ, ಈ ಒಂದು ಪಾಠಕ್ಕೋಸ್ಕರ ಮನೆಯವರು ಕಷ್ಟಪಟ್ಟು ಟ್ಯೂಷನ್ ಫೀಸ್ ಹೊಂದಿಸಬೇಕಾಗಿಲ್ಲ.

ವಿಡಿಯೋ ನೋಡುವಾಗ ಎಲ್ಲ ಅರ್ಥ ಆಗುತ್ತೆ, ಲೆಕ್ಕಕ್ಕೆ ಕೂತರೆ ಕೈ ಓಡಲ್ಲ ಅಂತ ಬರೆದಿದ್ದೀರಿ. ಮೇಷ್ಟ್ರು ಬಿಡಿಸುವುದನ್ನು ನೋಡುತ್ತಿದ್ದೀರಿ, ನೀವು ಬಿಡಿಸುತ್ತಿಲ್ಲ, ಅಷ್ಟೇ. ಅವರು ಪ್ರಶ್ನೆ ಬರೆದ ತಕ್ಷಣ ವಿಡಿಯೋ ನಿಲ್ಲಿಸಿ.

ಉದಾಹರಣೆಗೆ, ರೂಟ್ ಆಫ್ 9 ಮೈನಸ್ ಎಕ್ಸ್ ಸ್ಕ್ವೇರ್, ಅಂದರೆ √(9 − x²). ಇದರ ಡೊಮೈನ್ (ಎಕ್ಸ್ ಜಾಗದಲ್ಲಿ ಹಾಕಬಹುದಾದ ಸಂಖ್ಯೆಗಳು), ರೇಂಜ್ (ಆಗ ಬರುವ ಉತ್ತರಗಳು) ಕೇಳಿದ್ದಾರೆ ಅನ್ನಿ. ಸೂತ್ರ ಹುಡುಕಬೇಡಿ, ಸುಮ್ನೆ ಎಕ್ಸ್ ಜಾಗದಲ್ಲಿ ಸಂಖ್ಯೆ ಹಾಕಿ ನೋಡಿ. 4 ಹಾಕಿದರೆ ಒಳಗಡೆ ಮೈನಸ್ 7 ಬರುತ್ತೆ, ಅದಕ್ಕೆ ರಿಯಲ್ ವರ್ಗಮೂಲ ಇಲ್ಲ. 3 ಹಾಕಿದರೆ ಸೊನ್ನೆ. ಮೈನಸ್ 3 ಹಾಕಿದರೂ ಸೊನ್ನೆ. ಅಲ್ಲಿಗೆ ಡೊಮೈನ್ ಸಿಕ್ಕಿತು: ಮೈನಸ್ 3ರಿಂದ 3ರವರೆಗೆ. ರೇಂಜ್ ಕೂಡ ಅದೇ ಅಂತ ತುಂಬಾ ಮಕ್ಕಳು ಬರೆದುಬಿಡುತ್ತಾರೆ. ಆದರೆ ಈ ರೂಟ್ ಚಿಹ್ನೆ ಯಾವತ್ತೂ ಮೈನಸ್ ಉತ್ತರ ಕೊಡಲ್ಲ. ಎಕ್ಸ್ ಸೊನ್ನೆ ಆದಾಗ 3 ಬರುತ್ತೆ, ಅದೇ ಅತಿ ಹೆಚ್ಚು. ಹಾಗಾಗಿ ರೇಂಜ್ 0ಯಿಂದ 3. ಈಗ ಗ್ರಾಫ್ ಹಾಳೆಯ ಮೇಲೆ ಕೈಯಲ್ಲೇ ಬರೆಯಿರಿ. ಆಮೇಲೆ ಗ್ರಾಫ್ ಬರೆದು ತೋರಿಸುವ ಡೆಸ್ಮೊಸ್ ವೆಬ್‌ಸೈಟಿನಲ್ಲಿ ಟೈಪ್ ಮಾಡಿ, ಅದು ಫ್ರೀ. ಮೇಲಿನ ಅರ್ಧ ವೃತ್ತ ಕಾಣಿಸುತ್ತೆ. ಕೆಳಗಿನ ಅರ್ಧ ಯಾಕಿಲ್ಲ ಅಂತ ನೀವೇ ಹೇಳಬಲ್ಲಿರಿ ಅಂದರೆ ಈ ಲೆಕ್ಕ ನಿಮ್ಮದಾಯ್ತು. ಇಷ್ಟೆಲ್ಲ ಆದ ಮೇಲೆ ವಿಡಿಯೋ ಮುಂದಕ್ಕೆ ಓಡಿಸಿ.

ಇನ್ನು ಯಾವ ವಿಡಿಯೋ ಅಂತ. ಪ್ರಿಕ್ಯಾಲ್ಕುಲಸ್ (ಕ್ಯಾಲ್ಕುಲಸ್‌ಗೆ ಮುಂಚೆ ಕಲಿಯುವ ಗಣಿತ) ಅಂತ ಹುಡುಕಿದರೆ ಹೆಚ್ಚಾಗಿ ಅಮೆರಿಕದ ಪಾಠಗಳು ಬರುತ್ತವೆ. ಪಾಠ ಚೆನ್ನಾಗಿಯೇ ಇರುತ್ತೆ, ಕ್ರಮ ಮಾತ್ರ ನಮ್ಮದಲ್ಲ. ನಮ್ಮ ಪಿಯು ಗಣಿತಕ್ಕೆ ಎನ್‌ಸಿಇಆರ್‌ಟಿ ಪುಸ್ತಕ ಅಲ್ವಾ? ಅದರಲ್ಲಿ ಫಂಕ್ಷನ್ಸ್ 11ನೇ ತರಗತಿಯ 2ನೇ ಅಧ್ಯಾಯ, ಟ್ರಿಗ್ನಾಮೆಟ್ರಿಕ್ ಫಂಕ್ಷನ್ಸ್ 3ನೇದು. ಒನ್-ಒನ್, ಆಂಟೊ ಅನ್ನುವ ಫಂಕ್ಷನ್ ವಿಧಗಳು, ಇನ್ವರ್ಸ್ ಫಂಕ್ಷನ್ ಎಲ್ಲ ಸೆಕೆಂಡ್ ಪಿಯುಗೆ. ಅಮೆರಿಕದ ಪ್ಲೇಲಿಸ್ಟ್ ಹಿಡಿದು ಹೊರಟರೆ ಇನ್ವರ್ಸ್ ಫಂಕ್ಷನ್ ಈಗಲೇ ಎದುರಾಗಿ ಸುಮ್ಮನೆ ಗಾಬರಿಯಾಗುತ್ತೆ. ಮೊದಲು ಪುಸ್ತಕ ತೆಗೆಯಿರಿ, ಅಲ್ಲಿ ಯಾವ ವಿಷಯ ಇದೆಯೋ ಅದನ್ನೇ ಹುಡುಕಿ. ಖಾನ್ ಅಕಾಡೆಮಿಯಲ್ಲಿ ವಿಡಿಯೋ ಜೊತೆಗೆ ಅಭ್ಯಾಸದ ಲೆಕ್ಕಗಳೂ ಇವೆ, ದುಡ್ಡು ಕೊಡಬೇಕಾಗಿಲ್ಲ. ನನಗೆ ಅದೇ ಇಷ್ಟ. ಒಬ್ಬರ ಪಾಠ ಒಗ್ಗಿತು ಅಂದರೆ ಅಧ್ಯಾಯ ಮುಗಿಯುವವರೆಗೂ ಅವರನ್ನೇ ಹಿಡಿದುಕೊಳ್ಳಿ.

ಕಾಲೇಜಿಗೆ ಹೋಗುವಾಗ ಬಸ್ಸಿನಲ್ಲಿ ನೋಡುತ್ತೇನೆ ಅಂದಿದ್ದೀರಿ. ಗೊತ್ತಿರುವುದನ್ನು ಮತ್ತೊಮ್ಮೆ ನೋಡಲು ಸರಿ. ಹೊಸ ಪಾಠಕ್ಕೆ ಬೇಡ, ನಿಂತುಕೊಂಡು ಪೆನ್ನು ಹಿಡಿಯೋಕಾಗಲ್ಲ.

ಅಧ್ಯಾಯದ ಕೊನೆಯ ಮಿಸಲೇನಿಯಸ್ ಎಕ್ಸರ್‌ಸೈಜನ್ನು ವಿಡಿಯೋ ಇಲ್ಲದೆ ಮಾಡಿ. ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿಯವರೆಗೆ ಬರೆದ ಹೆಜ್ಜೆಗಳನ್ನೆಲ್ಲ ಇಲ್ಲೇ ಕೆಳಗೆ ಹಾಕಿ, ನೋಡಿ ಹೇಳುತ್ತೇನೆ.